ನೀರು ಕುಡಿದ ಬಂಗಡಾ ತತ್ತಿ

ಮೊನ್ನೆ ಏಕಾದಶಿಗೆಂದು ಸೊಸೆ ಸವಿತಾ ಸಾಬೂದಾಣಿ ನೆನೆಹಾಕಿದ್ದಳು. ನೀರು ಬಸಿಯಲು ಬೋಗುಣಿಗೆ ಕೈಹಾಕಿದವಳು ನಾನು. ಒಂದು ಕಾಳು ನನ್ನ ಉಗುರಿನ ಮೇಲೆ ನಿಂತಿತು. ಹಿಂದಿನ ದಿನ ಸುಣ್ಣದ ಹರಳಿನಂತೆ ಬೆಳ್ಳಗೆ ಗಟ್ಟಿಯಾಗಿದ್ದದ್ದು ಈಗ ನೀರು ಕುಡಿದು ಉಬ್ಬಿತ್ತು. ಕೆಳಗಿನ ಉಗುರಿನ ಗೆರೆ ಕಾಣುವಷ್ಟು ತಿಳಿಯಾಗಿತ್ತು. ಬೋಗುಣಿ ಕೈಯಿಂದ ಜಾರಿ ಫರಸಿಯ ತುಂಬ ಸಾಬೂದಾಣಿ ಹರಡಿತು.

“ಏನಾತ್ರಿ ಅತ್ತಿ? ಚೇಳ ಕಡೀತೇನ್ರಿ?” ಎಂದು ಸವಿತಾ ಓಡಿಬಂದಳು.

“ಚೇಳಲ್ಲ. ಕಾಶವ್ವ ಕಡದ್ಲು,” ಎಂದೆ.

“ಯಾವ ಕಾಶವ್ವರಿ?”

ಸವಿತಾ ಈ ಮನೆಗೆ ಬಂದು ಹತ್ತೊಂಬತ್ತು ವರ್ಷ. ನನ್ನ ಬಾಯಿಂದ ಆ ಹೆಸರು ಒಮ್ಮೆಯೂ ಕೇಳಿದವಳಲ್ಲ. ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದೇ ಮಾತನ್ನು ಹಿಂದೊಮ್ಮೆ ನಿಪ್ಪಾಣಿಯ ಮೀನಿನ ಕಟ್ಟೆಯ ಮೇಲೆ ಬೇರೆಯವರ ಬಾಯಿಂದ ಕೇಳಿ ಮೀನಿನ ಪೆಟ್ಟಿಗೆಯನ್ನೇ ಬಿಟ್ಟು ಎದ್ದುಹೋಗಿದ್ದೆ. ಅದಕ್ಕೇ ಬರೆಯಲು ಕುಳಿತೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದಲಿ. ಸಂಗತಿಯನ್ನು ತಿದ್ದುವುದು ಬೇಡ.

ಕಾಶವ್ವ ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಗಂಡಸರಿಬ್ಬರೂ ತಂಬಾಕಿನ ವಖಾರಿಯಲ್ಲಿ ಚೀಲ ಹೊರುತ್ತಿದ್ದರು. ನಾವಿಬ್ಬರೂ ಮೀನು ಮಾರುತ್ತಿದ್ದೆವು. ನಿಪ್ಪಾಣಿಗೆ ಸಮುದ್ರವಿಲ್ಲ. ಆದರೆ ರತ್ನಾಗಿರಿ ಕಡೆಯಿಂದ ಬರ್ಫದ ಪೆಟ್ಟಿಗೆ ಹೊತ್ತ ಲಾರಿ ಘಟ್ಟ ಹತ್ತಿ ಬೆಳಗಿನ ಹೊತ್ತಿಗೆ ಬರುತ್ತಿತ್ತು. ಕೂಗುವುದು, ತೂಗುವುದು, ಗಿರಾಕಿಯೊಡನೆ ಜಗಳಾಡುವುದು ನನ್ನ ಕೆಲಸ. ಈಳಿಗೆಯ ಮುಂದೆ ಕುಳಿತು ಮೀನು ಸೀಳುವುದು ಕಾಶವ್ವನ ಕೆಲಸ. ಬಾಯಿ ನನ್ನದು, ಕೈ ಅವಳದು. ಹನ್ನೊಂದು ವರ್ಷ ಹಾಗೆ ನಡೆದಿತ್ತು. ಮಧ್ಯಾಹ್ನದ ಮೇಲೆ ಅವಳು ತನ್ನ ಎಮ್ಮೆಯ ಕಡೆ ಹೋಗುತ್ತಿದ್ದಳು. ಓಣಿಯ ಹತ್ತಾರು ಮನೆಗೆ ಅವಳದೇ ಹಾಲು. ಆ ಎಮ್ಮೆ ಮಹಾ ಹಟಮಾರಿ, ಔಷಧದ ಸೂಜಿ ಚುಚ್ಚದೆ ಹಾಲು ಇಳಿಸುತ್ತಿರಲಿಲ್ಲ. ಆಗ ಎಮ್ಮೆ ಕಟ್ಟಿದವರು ಬಹಳ ಜನ ಹಾಗೇ ಮಾಡುತ್ತಿದ್ದರು. ಹೀಗಾಗಿ ಅವಳ ಕೈಚೀಲದಲ್ಲಿ ಎಲೆ ಅಡಿಕೆಯ ಜೊತೆ ಆ ಸೂಜಿಯ ಗಾಜಿನ ಪಿಚಕಾರಿ ಯಾವಾಗಲೂ ಇರುತ್ತಿತ್ತು. ನನಗದು ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ವಿಷಯ ನನಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ. ನನ್ನ ತವರು ಕುಡಚಿಯ ಹತ್ತಿರ, ಕೃಷ್ಣಾ ಹೊಳೆಯ ದಂಡೆಯಲ್ಲಿ. ಅಪ್ಪ ಬಲೆ ಬೀಸುತ್ತಿದ್ದ. ಮೊದಲ ಕೆಂಪು ನೀರು ಬಂದಾಗ ಗೆಂಡಿ ಮೀನು ದಂಡೆಯ ಹುಲ್ಲಿಗೆ ಬಂದು ತತ್ತಿ ಹಾಕುತ್ತಿತ್ತು. ಹೊಟ್ಟೆಯೊಳಗೆ ಇದ್ದಾಗ ಆ ತತ್ತಿ ಹಳದಿ, ಗಟ್ಟಿ, ರಾಗಿಯ ಕಾಳಿನಂತೆ. ಹೊರಗೆ ಬಿದ್ದ ಮೇಲೆಯೇ ಅದು ನೀರು ಕುಡಿದು ಉಬ್ಬುವುದು. ನಾನೇ ಸಣ್ಣವಳಿದ್ದಾಗ ತಂಬಿಗೆಯಲ್ಲಿ ತುಂಬಿಟ್ಟು ನೋಡಿದ್ದೆ. ಹೊಟ್ಟೆಯಲ್ಲಿ ಹಳದಿ, ನೀರಿಗೆ ಬಿದ್ದ ಮೇಲೆ ಗಾಜು. ಇದಕ್ಕಿಂತ ಬೇರೆ ಇರಲು ಸಾಧ್ಯವೇ ಇಲ್ಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ನಾನು ಹೇಳುವ ವರ್ಷ ನನ್ನ ಹಿರಿಯ ಮಗ ಮೆಟ್ರಿಕ್ ಪರೀಕ್ಷೆಗೆ ಕುಳಿತ ವರ್ಷ. ಇಸವಿ ಎಂಬತ್ತರ ಮೇಲೆ ಏಳೋ ಎಂಟೋ ಆಗಿತ್ತು. ಬೇಸಿಗೆ ಮುಗಿಯುತ್ತ ಬಂದಿತ್ತು. ಎರಡು ಅಡ್ಡಮಳೆ ಆಗಿ ಸೆಕೆ ಇಮ್ಮಡಿಯಾಗಿತ್ತು. ಊರ ತುಂಬ ತಂಬಾಕಿನ ಘಾಟು. ಮಿರಗದ, ಅಂದರೆ ಮೃಗಶಿರ ನಕ್ಷತ್ರದ, ಮಳೆ ಕೂಡಿದರೆ ಬೋಟು ಸಮುದ್ರಕ್ಕೆ ಇಳಿಯುವುದಿಲ್ಲ, ಎರಡು ಮೂರು ತಿಂಗಳು ಮೀನು ಬಂದ್. ಅದಕ್ಕೆ ಆ ಕೊನೆಯ ವಾರ ಗಿರಾಕಿಗಳು ಮುಗಿಬೀಳುತ್ತಿದ್ದರು. ಹೊಟ್ಟೆಯ ತತ್ತಿಯ ಗಂಟಿಗೆ ನಿಪ್ಪಾಣಿಯಲ್ಲಿ ಗಾಬೋಳಿ ಎನ್ನುತ್ತಾರೆ. ಮಿರಗದ ಮುಂಚಿನ ಬಂಗಡಾದಲ್ಲಿ ಗಾಬೋಳಿ ತುಂಬಿರುತ್ತದೆ, ಖಾರ ಹಚ್ಚಿ ಹುರಿದರೆ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಅದಕ್ಕಾಗಿ ಬೆಳಿಗ್ಗೆಯೇ ಬಂದು ನಿಲ್ಲುವವರಲ್ಲಿ ಸುಭೇದಾರ ಮಾಮಾ ಮೊದಲಿನವರು. ಮಿಲಿಟರಿಯಿಂದ ರಿಟೈರ್ ಆದ ಮನುಷ್ಯ. ಮೀಸೆ ಬೆಳ್ಳಗೆ, ಮಾತು ಕರ್ರಗೆ.

ಆ ದಿನ ಬಂದ ಪೆಟ್ಟಿಗೆಯ ಬಂಗಡಾಗಳ ಹೊಟ್ಟೆ ದಿನ ತುಂಬಿದ ಬಸುರಿಯ ಹೊಟ್ಟೆಯಂತಿತ್ತು. ನನಗೆ ಖುಷಿ. “ನೋಡ್ರಿ ಮಾಮಾ, ಇಂಥಾ ಗಾಬೋಳಿ ನೀವು ರೆಜಿಮೆಂಟಿನ್ಯಾಗೂ ತಿಂದಿಲ್ಲ,” ಎಂದು ಇಡಿಯಾಗಿಯೇ ತೂಗಿ ಕೊಟ್ಟೆ. ಅವರ ಮನೆಯಲ್ಲಿ ಅವರೇ ಸೀಳುತ್ತಿದ್ದರು. ಉಳಿದವರೂ ಗಡಿಬಿಡಿಯಲ್ಲಿ ಇಡಿಯಾಗಿಯೇ ಒಯ್ದರು. ಕಾಶವ್ವನ ಈಳಿಗೆಗೆ ಆ ದಿನ ಕೆಲಸ ಕಡಿಮೆ.

ಎರಡು ತಾಸಿಗೆ ಸುಭೇದಾರ ಮಾಮಾ ತಿರುಗಿ ಬಂದರು. ಬನಿಯನ್ ಮೇಲೆಯೇ ಬಂದಿದ್ದರು. ಕೈಯಲ್ಲಿ ಬಾಣಲೆ. ಏನು ಎತ್ತ ಎನ್ನುವಷ್ಟರಲ್ಲಿ ಬಾಣಲೆಯನ್ನು ನನ್ನ ತಕ್ಕಡಿಯ ಮುಂದೆ ಬೋರಲು ಹಾಕಿದರು.

“ಏನ ತುಂಬೀಯವಾ ತಾರಾಬಾಯಿ, ಹೇಳ ಇವತ್ತ. ಗಾಬೋಳಿ ಅಂತ ಬಾಣಲ್ಯಾಗ ಹಾಕಿದ್ರ ಚಟ್ ಚಟ್ ಸಿಡದು ಪೂರಾ ನೀರ ಆತು. ನನ್ನ ಕೈ ನೋಡ, ಬೊಬ್ಬಿ ಬಂದಾವ.”

ಹಲಗೆಯ ಮೇಲೆ ಎಣ್ಣೆನೀರು, ಅದರಲ್ಲಿ ಸಣ್ಣ ಸಣ್ಣ ಪೊರೆ. ನಾನು ಪೆಟ್ಟಿಗೆಯಿಂದ ಒಂದು ಬಂಗಡಾ ಎಳೆದು ಕಾಶವ್ವನ ಮುಂದೆ ಒಗೆದೆ. “ಸೀಳ.” ಅವಳು ಸೀಳಿದಳು. ಒಳಗೆ ಹಳದಿ ಗಂಟು ಇರಲಿಲ್ಲ. ಗಾಜಿನ ಹರಳಿನಂಥ ತತ್ತಿ, ಸಾಸಿವೆಯಷ್ಟು ಸಣ್ಣದು, ಸಾವಿರ ಸಾವಿರ, ನುಣುಪಾದ ನೀರಿನೊಡನೆ ಈಳಿಗೆಯ ಮೇಲೆ ಜಾರಿಹೋದವು. ಒಂದೊಂದರಲ್ಲಿ ಸೂಜಿಮೊನೆಯಷ್ಟು ಎಣ್ಣೆಯ ಚುಕ್ಕೆ. ಇನ್ನೊಂದು ಸೀಳಿಸಿದೆ. ಅದೂ ಹಾಗೇ. ಮೂರನೆಯದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಕೆಳಗಿನಿಂದ ಗಾಜಿನ ಮಣಿಗಳು ತಾವಾಗಿಯೇ ಸುರಿದವು.

ಅಷ್ಟು ವರ್ಷ ಮೀನಿನಲ್ಲೇ ಇದ್ದೆ. ಆದರೂ ಇದು ಮೀನೋ ಏನು ಮಾಟವೋ ತಿಳಿಯಲಿಲ್ಲ.

ಜನ ಕೂಡಿದರು. ಅಕ್ಕಪಕ್ಕ ಕಟ್ಟೆಯ ಹೆಂಗಸರು ಎದ್ದು ಬಂದರು. “ಹಾಲಿಗೆ ನೀರ ಹಾಕೂದು ಕೇಳಿದ್ವಿ, ಮೀನಿಗೂ ಸುರು ಆತೇನ?” ಎಂದು ಒಬ್ಬಳು. “ತೂಕಕ್ಕರೀ, ತೂಕಕ್ಕ!” ಎಂದು ಇನ್ನೊಬ್ಬ. ಕಟ್ಟೆಯ ಹಿರಿಯಳೊಬ್ಬಳು ಮುಂದೆ ಬಂದು, “ತಾರವ್ವ, ನಿನ್ನ ಸಲುವಾಗಿ ನಮ್ಮೆಲ್ಲಾರ ಹೆಸರ ಕೆಡತೈತಿ. ಯಾರ ಕೈ ಇದು ಅಂತ ಈಗಿಂದೀಗ ಹೇಳ. ಇಲ್ಲಾ ಹಲಗಿ ಎತ್ತಕೊಂಡ ನಡಿ,” ಎಂದಳು.

ಹೊಟ್ಟೆಯೊಳಗಿನ ತತ್ತಿ ನೀರು ಕುಡಿಯುವುದಿಲ್ಲ ಎಂಬುದು ನನ್ನ ಪಾಲಿಗೆ ಕಲ್ಲಿನ ಗೆರೆ. ಹಾಗಾದರೆ ಮನುಷ್ಯನ ಕೈಯೇ ಆಡಿದೆ. ಹಲಗೆ ಒರೆಸಲು ಅರಿವೆಗಾಗಿ ಕಾಶವ್ವನ ಕೈಚೀಲ ಎಳೆದೆ. ಅರಿವೆಯ ಜೊತೆ ಪಿಚಕಾರಿ ಹೊರಗೆ ಬಂದು ಹಲಗೆಯ ಮೇಲೆ ಉರುಳಿತು.

 ನಲವತ್ತು ಕಣ್ಣು ಅದರ ಮೇಲೆ.

“ಅಕ್ಕಾ, ಅದು ಎಮ್ಮೀದು. ನಿನಗ ಗೊತ್ತೈತಿ,” ಎಂದಳು ಕಾಶವ್ವ.

ಗೊತ್ತಿತ್ತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. “ಎಮ್ಮಿಗೆ ಚುಚ್ಚೂ ಕೈಗೆ ಮೀನಿಗೆ ಚುಚ್ಚಾಕ ಏಟೊತ್ತ ಬೇಕವಾ? ಮುಂಜಾನಿ ಪೆಟ್ಟಿಗಿ ಮುಂದ ಒಬ್ಬಾಕೀನ ಕುಂತಿದ್ದೆಲ್ಲ?”

ಅವಳು ಅಳಲಿಲ್ಲ. ಒಂದು ತತ್ತಿಯನ್ನು ಉಗುರಿನ ಮೇಲೆ ಎತ್ತಿ ನನ್ನ ಕಣ್ಣಿನ ಮುಂದೆ ಹಿಡಿದಳು. “ನನ್ನ ಮಾರಿ ನೋಡಬ್ಯಾಡ, ತತ್ತಿ ನೋಡ. ನೀರ ಹೊಟ್ಯಾಗಿಲ್ಲ, ತತ್ತ್ಯಾಗ ಐತಿ. ಸಾಸಿವಿಯಷ್ಟು ತತ್ತಿಗೆ ಒಂದೊಂದಕ್ಕ ಹುಡುಕಿ ಹುಡುಕಿ ಚುಚ್ಚಾಕ ನಾ ಏನ್ ಬ್ರಹ್ಮದೇವರ ಹೆಣ್ತಿ ಏನ?”

ಜನ ಹೋ ಎಂದು ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದರಲ್ಲಿ ಇದ್ದ ನೆಟ್ಟಗಿನ ಲೆಕ್ಕ ಆ ನಗೆಯಲ್ಲಿ ಕೊಚ್ಚಿಹೋಯಿತು. ಕಾಶವ್ವ ಕೈ ತೊಳೆದಳು. ಈಳಿಗೆಯನ್ನು ತೊಳೆದು, ಒರೆಸಿ, ಬಾಯಿ ಗೋಡೆಯ ಕಡೆ ಮಾಡಿ ಇಟ್ಟಳು. ಪಿಚಕಾರಿಯನ್ನು ಮುಟ್ಟಲೂ ಇಲ್ಲ. ಹೊರಟುಹೋದಳು. ನನ್ನ ಹಲಗೆ ಉಳಿಯಿತು.

ಸೀಳಿದ ಮೀನು ಒಗೆದೆ. ಉಳಿದ ಹತ್ತೆಂಟು ಬಂಗಡಾಗಳನ್ನು ಮಾರಲಿಲ್ಲ. ಲಾರಿಯವನ ಕೈಯಾಡಿದೆಯೋ ಎಂದು ಒಂದು ಅನುಮಾನ ಒಳಗೆ ಇದ್ದೇ ಇತ್ತು. ಅವನ ಮುಖಕ್ಕೆ ಒಗೆಯಬೇಕೆಂದು ಬರ್ಫದಲ್ಲಿ ಇಟ್ಟೆ. ಅನುಮಾನ ಇದ್ದರೆ ಕಾಶವ್ವನಿಗೇಕೆ ಅಂದೆ ಎಂದು ಕೇಳಿದರೆ, ಲಾರಿಯವನು ಅಲ್ಲಿ ಇರಲಿಲ್ಲ, ಕಾಶವ್ವ ಇದ್ದಳು, ಅಷ್ಟೇ.

ಮೂರನೆಯ ದಿನ ಶೋಭಾ ಬಂದಳು. ಅಲಖನೂರಿನ ಹೊಲಗೂಲಿಯವರ ಮಗಳು. ಘಟ್ಟದ ಕೆಳಗೆ ಸಮುದ್ರದ ದಂಡೆಯ ಒಂದು ಮೀನಿನ ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ, ಮೀನಿನ ತೊಟ್ಟಿ ನೋಡಿಕೊಳ್ಳುವ ನೌಕರಿ. ರಜೆಗೆ ಊರಿಗೆ ಬರುವಾಗ ನಿಪ್ಪಾಣಿಯಲ್ಲಿ ಬಸ್ಸು ಬದಲಿಸುವ ಹೊತ್ತಿಗೆ ನನ್ನ ಹತ್ತಿರ ಕುಳಿತು ಎಲೆ ಹಾಕಿಕೊಂಡು ಹೋಗುತ್ತಿದ್ದಳು. ಆ ದಿನ ಮಧ್ಯಾಹ್ನ ಕಟ್ಟೆ ಖಾಲಿ. ಬರ್ಫದ ಪೆಟ್ಟಿಗೆ ನೋಡಿ ಒಂದು ಬಂಗಡಾ ಎತ್ತಿ ಹೊಟ್ಟೆ ಒತ್ತಿದಳು. ಅಂಗೈಯಲ್ಲಿ ಗಾಜಿನ ಮಣಿ ಬಿದ್ದವು. ಅವಳ ಬಾಯಿಂದ ಎಲೆ ಬೀಳುವುದೊಂದು ಉಳಿದಿತ್ತು.

“ಅಯ್ಯ ತಾರಕ್ಕಾ! ಇದಕ್ಕ ನಮ್ಮ ಸರ್ ವರ್ಷಗಟ್ಟಲೆ ಬೋಟಿನವರ ಕಾಲ ಹಿಡ್ಯಾಕತ್ತಾರ. ನೀವು ಹಿಂಗ ಬರ್ಫದಾಗ ಒಗದೀರಿ?”

“ಒಗದಿಲ್ಲ, ಲಾರಿಯವನ ಮಾರಿಗೆ ಒಗಿಯಾಕ ಇಟ್ಟೇನಿ. ಯಾರೋ ನೀರ ಹೊಡದಾರ.”

“ಯಾರೂ ಹೊಡದಿಲ್ರಿ. ಅದು ತಾನ ಕುಡದೈತಿ.”

“ನಾ ಹೊಳಿದಂಡಿ ಹುಟ್ಟದಾಕಿ, ನನಗ ಕಲಸಬ್ಯಾಡ. ತತ್ತಿ ಹೊರಗ ಬಿದ್ದ ಮ್ಯಾಲ ನೀರ ಕುಡೀತೈತಿ. ಹೊಟ್ಯಾಗ ಕುಡಿಯೂದಿಲ್ಲ.”

“ಹೊಳ್ಯಾಗ ಖರೇರಿ. ಹೊಳಿ ನೀರ ಸೀ, ಹೊರಗ ಬಿದ್ದ ಮ್ಯಾಲ ಕುಡದ್ರ ನಡೀತೈತಿ. ಸಮುದ್ರದಾಗ ಹೊರಗ ಏನೈತ್ರಿ ಕುಡಿಯಾಕ? ಉಪ್ಪ. ನೀವು ಸಂಜಿಗೆ ಉಳದ ಮೀನಕ್ಕ ಉಪ್ಪ ಹಚ್ಚಿ ಇಡತೀರಲಾ, ಮುಂಜಾನಿ ಬುಟ್ಟಿ ಬುಡಕ ಏನ ಇರತೈತಿ?”

“ನೀರ.”

“ಎಲ್ಲೀದದು?”

“ಮೀನಂದು. ಉಪ್ಪ ಜಗ್ಗತೈತಿ.”

“ಆತಲ್ರಿ. ತತ್ತೀನೂ ಹಂಗ ಜಗ್ಗಿ ಒಣಗಸತೈತಿ ಸಮುದ್ರ. ಅದಕ್ಕ ಹೊರಗ ಹೋಗೂಕಿಂತ ಮುಂಚೇನ ಕುಡದು ತಯಾರಾಗಿ ಹೋಗತೈತಿ.”

ಹೇಗೆ ಕುಡಿಯುತ್ತದೆ ಎಂದು ಕೇಳಿದೆ. ಅವಳು ತನ್ನ ಸರ್ ಹೇಳಿದ್ದನ್ನು ತನಗೆ ತಿಳಿದಷ್ಟು ಹೇಳಿದಳು. ತತ್ತಿಯೊಳಗೆ ಮರಿಗೆಂದು ಗಟ್ಟಿ ಬುತ್ತಿ ಕಟ್ಟಿರುತ್ತದೆ, ಹಳದಿ ಕಾಣುವುದು ಅದೇ. ಹಾಕುವ ಹೊತ್ತು ಹತ್ತಿರ ಬಂದಾಗ ಆ ಬುತ್ತಿಯ ಒಂದಿಷ್ಟು ಭಾಗ ಒಡೆದು ಸಣ್ಣ ಸಣ್ಣ ಚೂರಾಗಿ ಕರಗುತ್ತದೆ. ಕರಗಿದ್ದು, ಜೊತೆಗೆ ಒಂದಿಷ್ಟು ಉಪ್ಪಿನಂಶ, ತಾಯಿಯ ಮೈಯ ನೀರನ್ನು ತತ್ತಿಯೊಳಗೆ ಎಳೆಯುತ್ತವೆ. ತತ್ತಿ ಇದ್ದದ್ದರ ನಾಲ್ಕೈದು ಪಟ್ಟು ಉಬ್ಬಿ ಗಾಜಿನಂತಾಗುತ್ತದೆ. ಒಳಗೆ ಸಿಹಿ ನೀರಿನಂಥದ್ದು, ಹೊರಗೆ ಉಪ್ಪುನೀರು, ಹೀಗಾಗಿ ಹಗುರಾಗಿ ಸಮುದ್ರದ ಮೇಲೆ ತೇಲುತ್ತದೆ.

“ತಾಯಿ ಒಣಗೂದಿಲ್ಲೇನ ಹಂಗಾರ?” ಎಂದೆ.

“ಆಕಿ ಸಮುದ್ರದ ನೀರ ಕುಡದು ಉಪ್ಪ ಹೊರಗ ಹಾಕತಾಳ್ರಿ. ಆಕಿಗೆ ಆ ವಿದ್ಯಾ ಐತಿ, ತತ್ತಿಗೆ ಇಲ್ಲ.”

“ಇಷ್ಟ ವರ್ಷ ನನ್ನ ಕಣ್ಣಿಗೆ ಯಾಕ ಬಿದ್ದಿಲ್ಲ?”

“ಇದೆಲ್ಲಾ ಕೆಲವ ತಾಸಿನ ಆಟರಿ. ಕುಡದದ್ದ ತಡ, ಹಾಕಿ ಬಿಡತೈತಿ. ಆ ತಾಸಿನ್ಯಾಗ ಬಲಿ ಬಿದ್ದರಷ್ಟ ಸಿಗೂದು. ನಿಮ್ಮ ಲಾರಿಗೆ ಸಿಕ್ಕೈತಿ.”

ನನಗೆ ನಂಬಿಕೆ ಬರಲಿಲ್ಲ. ಬರಬಾರದು ಎಂದು ಒಳಗಿನಿಂದ ಯಾರೋ ಕಾಲು ಹಿಡಿದಂತಿತ್ತು. ಹಲಗೆಯ ಕೆಳಗಿನಿಂದ ಕಾಶವ್ವನ ಪಿಚಕಾರಿ ತೆಗೆದೆ. ಪೆಟ್ಟಿಗೆಯಲ್ಲಿ ಒತ್ತಿದರೂ ಏನೂ ಸುರಿಯದ, ಗಟ್ಟಿ ಗಾಬೋಳಿಯ ಒಂದು ಬಂಗಡಾ ಇತ್ತು. ಅದಕ್ಕೆ ನಾನೇ ಪಿಚಕಾರಿ ತುಂಬ ನೀರು ಚುಚ್ಚಿದೆ. ಅರ್ಧ ನೀರು ಚುಚ್ಚಿದ ತೂತಿನಿಂದಲೇ ಹೊರಗೆ ಬಂತು. ಸೀಳಿ ನೋಡಿದರೆ ಗಾಬೋಳಿ ಮೊದಲಿನಂತೆ ಹಳದಿ, ಗಟ್ಟಿ, ಮೇಲೆ ಮಾತ್ರ ತೊಳೆದಂತೆ ಒದ್ದೆ.

“ನೋಡ್ರಿ. ನೀವು ಹೊಡದ ನೀರ ಹೊಟ್ಯಾಗ ನಿಂತಿತು. ತತ್ತ್ಯಾಗ ಹೋಗಲಿಲ್ಲ,” ಎಂದಳು ಶೋಭಾ.

ಕಾಶವ್ವ ಹೇಳಿದ್ದು ಇದೇ ಮಾತು. ಕಾಲೇಜು ನೋಡದೆ, ಸರ್ ಇಲ್ಲದೆ, ಉಗುರಿನ ಮೇಲೆ ಎತ್ತಿ ತೋರಿಸಿದ್ದಳು.  ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ. ಇನ್ನೇನು ಮಾಡುವುದು?

ಉಳಿದದ್ದರಲ್ಲಿ ಎರಡನ್ನು ಹಸಿ ಅರಿವೆಯಲ್ಲಿ ಸುತ್ತಿಕೊಂಡು ಸುಭೇದಾರ ಮಾಮಾನ ಮನೆಗೆ ಓಡಿದೆ. ಅವರು ಊಟ ಮಾಡಿ ಮಲಗಿದ್ದರು. ಆ ಸೆಕೆಯಲ್ಲಿ ಅವರ ಮನೆಯ ಕಟ್ಟೆಯ ಮೇಲೆ ಕಾದೆ. ಅವರು ಎದ್ದು ಬಂದು ಅರಿವೆ ಬಿಚ್ಚಿದಾಗ ಗಾಜೆಲ್ಲ ಒಡೆದ ಹಾಲಿನಂತಾಗಿತ್ತು. ವಾಸನೆ ಎದ್ದಿತ್ತು.

“ಮೂರ ದಿನದ ಹೆಣ ತಂದು ನನಗ ಪುರಾಣ ಹೇಳತಿ ಏನವಾ?” ಎಂದು ಬಾಗಿಲು ಹಾಕಿಕೊಂಡರು.

ಆಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಕಾಶವ್ವನ ಮನೆ ನಮ್ಮ ಓಣಿಯ ಆ ತುದಿ, ನೂರು ಹೆಜ್ಜೆ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎಂದು ಐದು ದಿನ ತೆಗೆದೆ. ಹಿರಿಯಳಾಗಿ ನಾನು ಹೋಗಿ ಬಾಗುವುದು ಹೇಗೆ ಎಂಬ ಸೊಕ್ಕು. ಮಿರಗದ ಮೊದಲ ಮಳೆ ಬಿದ್ದ ಮುಂಜಾನೆ ಹೋದೆ. ಎಮ್ಮೆಯ ಗೂಟ ಖಾಲಿ. ಬಾಗಿಲಿಗೆ ಕೀಲಿ. ಸೆಗಣಿ ಮಳೆಯಲ್ಲಿ ಕರಗಿ ಹರಿಯುತ್ತಿತ್ತು.

ಎದುರುಮನೆಯವಳು ಹೇಳಿದಳು, “ಹಾಲ ಯಾರ ತಗೋತಾರವಾ? ಮೀನಿಗೆ ನೀರ ಹಾಕಿದ ಕೈ ಹಾಲಿಗೆ ಬಿಟ್ಟೀತೇನ ಅಂತ ಎಲ್ಲಾರೂ ಮರದಿನಾನ ಬ್ಯಾಡಂದ್ರು. ಎಮ್ಮಿ ಹೊಡಕೊಂಡ ತವರಿಗೆ ಹೋದ್ಲು. ನಾನೂ ಬ್ಯಾಡ ಅಂದೆ. ಸುಳ್ಳ್ಯಾಕ ಹೇಳ್ಲಿ?”

ನಾನು ಅಲ್ಲಿಯೇ ಗೂಟದ ಪಕ್ಕ ಕುಳಿತುಬಿಟ್ಟೆ. ಮೀನಿನ ಮಾತು ಮೀನಿನ ಕಟ್ಟೆಯಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ. ಹಾಲಿನವರೆಗೆ ಹೋದೀತು ಎಂದು ನನ್ನ ಹಾಳು ತಲೆಗೆ ಹೊಳೆದಿರಲಿಲ್ಲ.

ಅವಳ ತವರು ಐನಾಪುರ. ಚಿಕ್ಕೋಡಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಹೊಳೆ ದಾಟಿ ಹೋದೆ. ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಬದುವಿನ ಮೇಲೆ ನಿಂತೇ ಶೋಭಾ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ಪಿಚಕಾರಿ ಮುಂದೆ ಹಿಡಿದೆ. ಅವಳು ಕುರುಪಿ ನಿಲ್ಲಿಸಲಿಲ್ಲ.

“ಎಮ್ಮಿ ಮಾರಿ ಆತು. ಅದನ್ನ ನೀನ ಇಟ್ಟಕೋ,” ಎಂದಳು.

“ತಪ್ಪಾತ ಕಾಶಿ. ನಡಿ ಮನಿಗೆ.”

“ನನಗ ಯಾಕ ಹೇಳತಿ? ನನಗ ಮೊದಲ ಗೊತ್ತಿತ್ತು. ಕಟ್ಟೀಮ್ಯಾಲ ಅಂದಿ, ಕಟ್ಟೀಮ್ಯಾಲ ಹೇಳ. ಬರೇ ಹೇಳಬ್ಯಾಡ, ತೋರಸ. ಅವರಿಗೂ ಕಣ್ಣ ಅದಾವ.”

ಮುಂದಿನ ಸಂತೆಯ ದಿನ ಒಣಮೀನು ಮಾರುತ್ತ ಕುಳಿತ ಹೆಂಗಸರ ನಡುವೆ ಎದ್ದು ನಿಂತು ಹೇಳಿದೆ. ಮಳೆಯಲ್ಲಿ ನೆನೆಯುತ್ತ, ಕೂಗಿ ಕೂಗಿ. ಸಮುದ್ರದ ತತ್ತಿ ಹೊಟ್ಟೆಯೊಳಗೇ ನೀರು ಕುಡಿಯುತ್ತದೆ, ಕಾಶವ್ವನ ತಪ್ಪಿಲ್ಲ, ತಪ್ಪು ನನ್ನದು.

“ಈಳಿಗಿ ಮುಂದ ಕುಂದ್ರಾಕ ಆಳ ಸಿಗವಲ್ಲದೇನ ತಾರವ್ವ?” ಎಂದು ನಕ್ಕರು. “ಎಲ್ಲಿ ತೋರಸ ನೋಡೂಣು ನಿನ್ನ ನೀರ ಕುಡಕ ತತ್ತಿ!” ಎಂದರು. ಏನು ತೋರಿಸಲಿ? ಸಮುದ್ರ ಬಂದ್, ಬೋಟು ಬಂದ್.

ಅವತ್ತು ನನಗೆ ಆದ ಆಘಾತ ಇವತ್ತಿಗೂ ಇಳಿದಿಲ್ಲ. ಸುಳ್ಳನ್ನು ಒಂದು ಪಿಚಕಾರಿ ನೋಡಿ ನಂಬಿದ ಜನ ನಿಜಕ್ಕೆ ಸಾಕ್ಷಿ ಕೇಳಿದರು.

ಆ ಮಳೆಗಾಲ ನಾನು ಕಳೆದಂತೆ ಯಾರೂ ಕಳೆಯಬಾರದು. ಮಳೆ ಹೊಯ್ಯುತ್ತಲೇ ಇತ್ತು. ಮೈದುನನೂ ವಖಾರಿ ಬಿಟ್ಟು ಐನಾಪುರಕ್ಕೆ ಹೋದ. ನನ್ನ ಗಂಡ ಮಾತು ನಿಲ್ಲಿಸಿದ. ನಾನು ದಿನ ಎಣಿಸಿದೆ. ಬೋಟು ಇಳಿದು ಲಾರಿ ಬಂದ ದಿನ ಎಲ್ಲರಿಗಿಂತ ಮೊದಲು ಪೆಟ್ಟಿಗೆ ಒಡೆದು ಬಂಗಡಾ ಸೀಳಿದೆ. ಒಳಗೆ ಏನೂ ಇಲ್ಲ. ಹೊಟ್ಟೆ ಬತ್ತಿದ ಚೀಲದಂತೆ ಜೋತುಬಿದ್ದಿತ್ತು. ಇನ್ನೊಂದು, ಇನ್ನೊಂದು. ಎಲ್ಲ ಹಾಕಿ ಮುಗಿಸಿ ಬಂದಿದ್ದವು. ಲಾರಿಯವನನ್ನು ಕೇಳಿದೆ, ಗಾಜಿನಂಥ ತತ್ತಿಯದು ಬೇಕು ಎಂದು. ಅವನು ಮರಾಠಿಯಲ್ಲಿ, “ಬಾಈ, ಮೀ ಗಾಡೀ ಚಾಲವತೋ, ಬಾಳಂತಪಣ ನಾಹೀ ಕರತ್,” ಎಂದ. ತಾನು ಗಾಡಿ ಓಡಿಸುವವನು, ಬಾಣಂತನ ಮಾಡುವವನಲ್ಲ ಎಂದು.

ಅಲ್ಲಿಂದ ಮುಂದೆ ಪ್ರತಿ ವರ್ಷ ಮಿ‌ರಗದ ಮುಂಚಿನ ಆ ಎರಡು ವಾರ ನನಗೆ ಒಂದೇ ಕೆಲಸ. ಗಿರಾಕಿ ಕೇಳಲಿ ಬಿಡಲಿ, ಪ್ರತಿ ಪೆಟ್ಟಿಗೆಯ ಬಂಗಡಾದ ಹೊಟ್ಟೆ ಒತ್ತಿ ನೋಡುವುದು. ಹಳದಿ. ಹಳದಿ. ಹಳದಿ. “ತಾರಕ್ಕಗ ಬಂಗಡಾದ ಹುಚ್ಚ ಹಿಡದೈತಿ,” ಎನ್ನುತ್ತಿದ್ದರು. ಅನ್ನಲಿ. ಈಳಿಗೆಯ ಮುಂದೆ ನಾನೇ ಕೂರುತ್ತಿದ್ದೆ. ಕೂಗಲು ದನಿ ಉಳಿಯುತ್ತಿರಲಿಲ್ಲ.

ಎಂಟು ವರ್ಷ ಹೋಯಿತು. ಹಿರಿಯ ಮಗನಿಗೆ ನೌಕರಿ ಆಯಿತು, ಸುಭೇದಾರ ಮಾಮಾ ತೀರಿಕೊಂಡರು. ಒಂಬತ್ತನೆಯ ವರ್ಷ, ಮೋಡ ಕಪ್ಪಾಗಿ ಗಾಳಿ ಎದ್ದ ಒಂದು ಬೆಳಿಗ್ಗೆ, ಕೊನೆಯ ಲಾರಿಯ ಕೊನೆಯ ಪೆಟ್ಟಿಗೆಯಲ್ಲಿ ಒಂದು ಬಂಗಡಾ ಎತ್ತಿ ಒತ್ತಿದೆ. ಅಂಗೈ ತುಂಬ ಗಾಜು.

ನಾನು ಕಿರುಚಿದ ಕಿರುಚಿಗೆ ನಾಯಿಗಳು ಓಡಿದವು. “ಬರ್ರಿ! ಎಲ್ಲಾರೂ ಬರ್ರಿ! ನೋಡ್ರಿ ಕಣ್ಣ ತೆರದ! ನೀರ ಕುಡದ ತತ್ತಿ! ಕಾಶವ್ವನ ತಪ್ಪಿಲ್ಲ ಅಂದಿದ್ನೋ ಇಲ್ಲೋ?”

ಜನ ಬಂದರು. ಒಂದರ ಹಿಂದೆ ಒಂದು ಸೀಳಿದೆ. ಕೈಯಿಂದ ಕೈಗೆ ತತ್ತಿ ಹೋದವು. ಕುಲುಕಿದರು, ಮೂಸಿದರು, “ಸಾಬೂದಾಣಿ ಇದ್ದಂಗ ಐತಲ್ಲ,” ಎಂದರು. ಆಮೇಲೆ ಒಬ್ಬಳು, ಬಂದು ಮೂರು ನಾಲ್ಕು ವರ್ಷವಾದವಳು, ನನ್ನನ್ನು ನೋಡಿ ಕೇಳಿದಳು:

“ಯಾವ ಕಾಶವ್ವ?”

ನಾನು ಹಳಬರ ಕಡೆ ತಿರುಗಿದೆ. ಅವತ್ತು ಹಲಗೆ ಎತ್ತು ಎಂದಿದ್ದ ಹಿರಿಯಳು ಅಲ್ಲೇ ಇದ್ದಳು, ಕಣ್ಣು ಮಂಜಾಗಿತ್ತು. “ಹೂಂ, ಯಾರೋ ಇದ್ಲು ನಿನ್ನ ಸಂಗತಿ. ಯಾಕ ಬಿಟ್ಟ ಹೋದ್ಲು ಆಕಿ? ಗಂಡ ಬಡೀತಿದ್ನೇನ?” ಎಂದಳು.

ಯಾರಿಗೂ ನೆನಪಿರಲಿಲ್ಲ. ಅವಳ ಎಮ್ಮೆ, ಮನೆ, ಓಣಿ ಎಲ್ಲ ಕಿತ್ತುಕೊಂಡ ಆ ಮಾತು, ಅದನ್ನು ಹೇಳಿದವರ ತಲೆಯಲ್ಲಿ ಒಂದು ಮಳೆಗಾಲವೂ ಉಳಿದಿರಲಿಲ್ಲ. 

ಪೆಟ್ಟಿಗೆಯನ್ನು ಹಾಗೇ ಬಿಟ್ಟೆ. ಆರು ಬಂಗಡಾಗಳನ್ನು ಡಬ್ಬಿಯ ತುಂಬ ಬರ್ಫ ಹಾಕಿ ಮುಚ್ಚಿ, ಮೇಲೆ ಗೋಣಿ ಸುತ್ತಿ ಬಸ್ಸು ಹತ್ತಿದೆ. ಈ ಸಲ ಯಾರ ಮನೆಯ ಕಟ್ಟೆಯ ಮೇಲೂ ಕಾಯುವ ಮಾತಿಲ್ಲ. ಕಂಡಕ್ಟರ್ ವಾಸನೆ ಎಂದ. “ನಿನ್ನ ಮದವೀಗೆ ಒಯ್ಯಾಕತ್ತೇನಿ, ಸುಮ್ಮ ಟಿಕೀಟ ಹರಿ,” ಎಂದೆ.

ಐನಾಪುರದಲ್ಲಿ ಕಾಶವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊರಗೆ ಗೂಟಕ್ಕೆ ಒಂದು ಎಮ್ಮೆ ಇತ್ತು. ನಾನು ಡಬ್ಬಿ ತೆರೆದು ಒಂದು ಬಂಗಡಾ ಎತ್ತಿ ಅವಳ ಮುಂದೆ ಹೊಟ್ಟೆ ಒತ್ತಿದೆ. ಹಿಟ್ಟಿನ ಪರಾತದ ಅಂಚಿಗೆ ಗಾಜಿನ ಮಣಿ ಬಿದ್ದವು. ತಿಳಿಯಾಗಿಯೇ ಇದ್ದವು.

ಅವಳು ಒಂದನ್ನು ಉಗುರಿನ ಮೇಲೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

“ಇದ. ಕಟ್ಟೀಮ್ಯಾಲ ತೋರಿಸಿದಿ?”

“ಎಲ್ಲಾರಿಗೂ ತೋರಿಸಿ ಬಂದೆ.”

“ಏನಂದ್ರು?”

ಸುಳ್ಳು ಹೇಳಬಹುದಿತ್ತು. ಬರಲಿಲ್ಲ. “ಯಾವ ಕಾಶವ್ವ ಅಂದ್ರು.”

ಅವಳು ನಕ್ಕಳು. ನಗುತ್ತ ನಗುತ್ತ ಕೆಮ್ಮು ಬಂತು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಯೋ ಏನೋ ನಾನು ಕೇಳಲಿಲ್ಲ.

“ಹಂಗಾರ ಎಲ್ಲಾರೂ ಮರತಾರ,” ಎಂದಳು. “ಈ ಲೋಕದಾಗ ನಾ ಕಳ್ಳಿ ಅಂತ ನೆನಪ ಇಟ್ಟಾಕಿ ನೀ ಒಬ್ಬಾಕೀನ ಉಳದಿ ನೋಡಕ್ಕಾ.”

  ಹೊರಗೆ ಮಳೆಯ ಮೊದಲ ಹನಿ ತಗಡಿನ ಮೇಲೆ ಬಿದ್ದವು.

ಕಾಶವ್ವ ಹೆಂಚಿನ ಮೇಲೆ ರೊಟ್ಟಿ ತಿರುವಿದಳು. ಆಮೇಲೆ ಮೂಲೆಯಲ್ಲಿದ್ದ ಈಳಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

“ನೋಡಕೋತ ಏನ ಕುಂತಿ? ಒಲಿ ಉರ್ಯಾಕತ್ತೈತಿ. ಸೀಳ. ಇವತ್ತ ನಾ ನೋಡತೇನಿ, ನೀ ಸೀಳ.”

ನಾನು ಸೀಳಿದೆ.